ಅರವತ್ತು ದಾಟಿದ ರಾಕ್ ಬ್ಯಾಂಡ್: ಕೂಳೆ ಬೆಳೆಯೋ, ಒಣ ಬುಡವೋ?

[ದೃಶ್ಯ: ಮಂಡ್ಯದ ಹತ್ತಿರ ಕಟಾವಾದ ಕಬ್ಬಿನ ಗದ್ದೆ, ಬುಡದಿಂದ ಎದ್ದ ಹಸಿರು ಚಿಗುರು]

ಕಬ್ಬು ಕಡಿದ ಮೇಲೆ ಅದೇ ಬುಡ ಮತ್ತೆ ಚಿಗುರಿದ್ರೆ ಅದು ಕೂಳೆ ಬೆಳೆ. ಬಿತ್ತನೆ ಖರ್ಚಿಲ್ಲ. ಆದ್ರೆ ಪಾಡಿಗೆ ಬಿಟ್ರೆ ಇಳುವರಿ ವರ್ಷಾವರ್ಷ ಇಳಿಯುತ್ತೆ. ಬುಡಾನ ನೆಲಮಟ್ಟಕ್ಕೆ ಸವರಬೇಕು, ಸತ್ತ ಬುಡದ ಜಾಗಕ್ಕೆ ಹೊಸ ಸಸಿ ಇಡಬೇಕು, ಹೊಸದಾಗಿ ನೆಟ್ಟ ತನಿ ಬೆಳೆಗಿಂತ ಗೊಬ್ಬರ ಜಾಸ್ತಿ ಕೊಡಬೇಕು. ಹಳೇ ರಾಕ್ ಬ್ಯಾಂಡು ಉಳಿಯೋದೂ ಹೆಚ್ಚುಕಮ್ಮಿ ಹೀಗೇ.

ಮೊದಲು ಒಂದು ಗೊಂದಲ ಬಿಡಿಸೋಣ. ಜನ ಸೇರೋದು ಬೇರೆ, ಪ್ರಭಾವ ಬೇರೆ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಶುರುವಾಗಿದ್ದು 1962ರಲ್ಲಿ. 2003ರಲ್ಲಿ ಬೆಂಗಳೂರಿಗೂ ಬಂದು ನುಡಿಸಿದ್ರು. 2005ರ ನಂತರ ಬಹುತೇಕ ಸ್ವಂತ ಹೊಸ ಹಾಡುಗಳ ಆಲ್ಬಂ ಬಂದಿದ್ದು 2023ಕ್ಕೆ. ನಡುವಿನ 18 ವರ್ಷದಲ್ಲಿ ಪ್ರವಾಸ ಹೊರಟಾಗೆಲ್ಲ ಟಿಕೆಟ್ ಖರ್ಚಾಗ್ತಾನೇ ಇತ್ತು. ಟಿಕೆಟ್ ಖರ್ಚಾಯ್ತು ಅಂದ್ರೆ ಹಳೇ ಹಾಡಿನ ಮೇಲೆ ಪ್ರೀತಿ ಇದೆ ಅಂತ ಅರ್ಥ, ಅಷ್ಟೇ.

[ದೃಶ್ಯ: ಗಿಟಾರಿನ ತಂತಿ, ಹತ್ತಿರದಿಂದ]

ಈಗ ಗಂಟಲಿನ ವಿಚಾರ. ಇಪ್ಪತ್ತೈದರಲ್ಲಿ ಕಿರುಚಿ ಹಾಡಿದ ಸ್ವರ ಅರವತ್ತರಲ್ಲಿ ಎಟುಕಲ್ಲ. ನಮ್ಮ ಕಡೆ ವಯಸ್ಸಾದ ವಿದ್ವಾಂಸರು ಶ್ರುತಿ ಅರ್ಧ ಮನೆ ಇಳಿಸಿದ್ರೆ ಯಾರೂ ಏನೂ ಅನ್ನಲ್ಲ. ರಾಕ್ ಅಭಿಮಾನಿಗಳು ಮಾತ್ರ ಅದನ್ನ ಮೋಸ ಅಂತಾರೆ, ಯಾಕೋ! ಆದ್ರೆ ಗಿಟಾರಲ್ಲಿ ಶ್ರುತಿ ಇಳಿಸೋದು ತಂಬೂರಿ ಪೆಟ್ಟಿಗೆಯ ಗುಂಡಿ ತಿರುಗಿಸಿದಷ್ಟು ಸಲೀಸಲ್ಲ. ಅರ್ಧ ಸ್ವರ ಇಳಿಸಿದ್ರೆ ತಂತಿಯ ಬಿಗಿ ಸುಮಾರು 11% ಕಮ್ಮಿ ಆಗುತ್ತೆ, ಪೂರ್ತಿ ಒಂದು ಸ್ವರ ಇಳಿಸಿದ್ರೆ ಸುಮಾರು 21%. ಸಡಿಲವಾದ ತಂತಿ ಫ್ರೆಟ್‌ಗೆ, ಅಂದ್ರೆ ಗಿಟಾರಿನ ಕತ್ತಿನ ಮೇಲಿರೋ ಲೋಹದ ಪಟ್ಟಿಗೆ, ತಾಗಿ ಝರ್ ಅನ್ನುತ್ತೆ, ಜೋರಾಗಿ ಮೀಟಿದಾಗ ಸ್ವರ ಮೇಲಕ್ಕೆ ಜಾರುತ್ತೆ. ಅದಕ್ಕೇ 0.009 ಇಂಚಿನ ತಂತಿ ತೆಗೆದು 0.010 ಹಾಕ್ತಾರೆ. ಪೂರ್ತಿ ಒಂದು ಸ್ವರ ಇಳಿಸಿದಾಗ ಇದರಿಂದ ಬಿಗಿ ಬಹುತೇಕ ಮೊದಲಿನಷ್ಟೇ ಬರುತ್ತೆ. ಫ್ಲಾಯ್ಡ್ ರೋಸ್ ಥರದ ತೇಲೋ ಬ್ರಿಡ್ಜ್ (ಸ್ಪ್ರಿಂಗಿನ ಆಸರೆಯಲ್ಲಿ ತಂತಿ ಹಿಡಿದಿಡೋ ಭಾಗ) ಇದ್ರೆ ಹಿಂದಿನ ಸ್ಪ್ರಿಂಗುಗಳನ್ನೂ ಮತ್ತೆ ಸರಿಹೊಂದಿಸಬೇಕು. ಮರೆತುಹೋಗೋದು ಇನ್ನೊಂದು: ಮೊದಲೇ ರೆಕಾರ್ಡ್ ಮಾಡಿಟ್ಟ ಕೀಬೋರ್ಡ್, ಕೋರಸ್ ಟ್ರ್ಯಾಕು ಹಳೇ ಶ್ರುತೀಲೇ ಇರುತ್ತೆ. ವೇದಿಕೆ ಮೇಲೆ ಗೊತ್ತಾಗೋ ಹೊತ್ತಿಗೆ ಎರಡೂ ಅರ್ಧ ಸ್ವರದ ಅಂತರದಲ್ಲಿ ಹೊಡೆದಾಡ್ತಿರುತ್ವೆ.

ಬುಡ ಸವರೋದು ಅಂದ್ರೆ ಹಾಡಿನ ಪಟ್ಟಿ. ಎರಡು ಗಂಟೆಗೆ ಸುಮಾರು 20 ಹಾಡು. ಹೊಸ ಹಾಡನ್ನ ಎರಡು ಹಳೇ ಹಾಡಿನ ಮಧ್ಯೆ, ಮೂರನೇದೋ ನಾಲ್ಕನೇದೋ ಆಗಿ ಇಡೋದು ವಾಸಿ. ಎರಡು ಹೊಸದು ಒಟ್ಟಿಗೆ ಬಂದ್ರೆ ಜನ ಟೀ ಕುಡಿಯೋಕೆ ಎದ್ದು ಹೋಗ್ತಾರೆ. ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡ್ ಮಾತ್ರ 2006ರ ಪ್ರವಾಸದಲ್ಲಿ ಹೊಸ ಆಲ್ಬಂನ ಮೊದಲಿಂದ ಕೊನೆವರೆಗೂ ನುಡಿಸಿಬಿಟ್ರು. ಅಭಿಮಾನಿಗಳಲ್ಲಿ ಕೆಲವರು ಗೊಣಗಿದ್ರು. ನಮ್ಮ ಲೆಕ್ಕದಲ್ಲಿ ಅದು ಸರಿಯಾದ ಹಟ.

ಸತ್ತ ಬುಡದ ಜಾಗಕ್ಕೆ ಸಸಿ ಇಡೋದು ಹೇಗೆ ಅಂತ ನೋಡೋಕೆ ದೆಹಲಿಯ ಇಂಡಿಯನ್ ಓಷನ್ ಬ್ಯಾಂಡ್ ಸಾಕು. 2009ರಲ್ಲಿ ಅಶೀಮ್ ಚಕ್ರವರ್ತಿ ತೀರಿಕೊಂಡ್ರು. ಅವರು ತಬಲಾ ನುಡಿಸ್ತಾನೇ ಹಾಡ್ತಿದ್ದವರು. ಅವರದೇ ನಕಲನ್ನ ಹುಡುಕದೆ ಬ್ಯಾಂಡಿನವರು ಕೆಲಸವನ್ನ ಎರಡು ಭಾಗ ಮಾಡಿದ್ರು: ತಬಲಾ ಒಬ್ಬರಿಗೆ, ಹಾಡು ಇನ್ನೊಬ್ಬರಿಗೆ. ನಕಲು ತಂದ್ರೆ ಪ್ರತಿ ಹಾಡಲ್ಲೂ ಹೋಲಿಕೆ ತಪ್ಪಲ್ಲ.

ಗೊಬ್ಬರ ಅಂದ್ರೆ ಪ್ರಚಾರ, ಅದು ಅತಿಯಾದ್ರೂ ಕಷ್ಟ. 2014ರಲ್ಲಿ ಐರ್ಲೆಂಡಿನ ಯೂ2 ಬ್ಯಾಂಡಿನ ಹೊಸ ಆಲ್ಬಂ, ಆಪಲ್ ಕಂಪನಿಯ ಸುಮಾರು 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಕೇಳದೇ ಬಂದು ಕೂತಿತು. ಜನ ರೇಗಿದ ಮೇಲೆ ಆಪಲ್ ಅದನ್ನ ಅಳಿಸೋಕೇ ಬೇರೆ ಸೌಲಭ್ಯ ಮಾಡಿಕೊಡಬೇಕಾಯ್ತು. ಅಮೆರಿಕದ ಮೆಟಾಲಿಕಾ ಬ್ಯಾಂಡಿನ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ 2022ರಲ್ಲಿ ಒಂದು ವೆಬ್ ಸರಣಿಯಲ್ಲಿ ಬಂದಾಗ ಆಗಿದ್ದೇ ಬೇರೆ. ಆ ಹಾಡು ಹುಟ್ಟಿದಾಗ ಇನ್ನೂ ಹುಟ್ಟಿರದ ಹುಡುಗರು ಗಿಟಾರ್ ತಗೊಂಡು ಆ ರಿಫ್ (ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಕಲಿಯೋಕೆ ಕೂತರು. ಅದರ ವೇಗ ನಿಮಿಷಕ್ಕೆ 210 ಬೀಟಿನ ಆಸುಪಾಸು, ಮೀಟು ಎಲ್ಲಾ ಕೆಳಮುಖ. 140ರಿಂದ ಶುರು ಮಾಡಿ ಐದೈದು ಏರಿಸಿ, ಇಲ್ಲಾಂದ್ರೆ ಮುಂಗೈ ಹಿಡ್ಕೊಳ್ಳುತ್ತೆ.

[ದೃಶ್ಯ: ಮಾನಸಗಂಗೋತ್ರಿಯ ಬಯಲು ರಂಗಮಂದಿರ]

ಹಾಡಿದವರು ಹೋದ್ರೂ ಹಾಡು ಉಳಿಯುತ್ತೆ ಅನ್ನೋದಕ್ಕೆ ಮೈಸೂರಲ್ಲೇ ಒಂದು ಸಾಕ್ಷಿ ಇದೆ, ರಾಕ್ ಅಲ್ಲದಿದ್ರೂ. ಮೈಸೂರು ಅನಂತಸ್ವಾಮಿ ತೀರಿಕೊಂಡಿದ್ದು 1995ರಲ್ಲಿ. ಅವರ ಧಾಟಿಯೇ ನಾಡಗೀತೆಗೆ ಅಧಿಕೃತ ಅಂತ ಸರ್ಕಾರ ಹೇಳಿದ್ದು 2022ರಲ್ಲಿ, ಅದೂ 2 ನಿಮಿಷ 30 ಸೆಕೆಂಡಿನ ಮಿತಿ ಹಾಕಿ. ಮೈಸೂರಿನವರೇ ಆದ ರಘು ದೀಕ್ಷಿತ್, 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ಸಾಲುಗಳನ್ನ ಗಿಟಾರಿನ ಮೇಲೆ ಕೂರಿಸಿದ್ರು.

ಹಾಗಾಗಿ ಯಾವ ಬ್ಯಾಂಡು ಇನ್ನೂ ಜೀವಂತ ಅಂತ ಅಳೆಯಬೇಕಾದ್ರೆ ಅರಮನೆ ಮೈದಾನದ ಜನ ಎಣಿಸಬೇಡಿ. ಮೈಸೂರು ದಸರೆಯ ಯುವ ಸಂಭ್ರಮಕ್ಕೆ ಮುಂಚೆ ಯಾವುದಾದ್ರೂ ಕಾಲೇಜು ಹುಡುಗರ ಅಭ್ಯಾಸದ ಕೋಣೆ ಹೊರಗೆ ಹತ್ತು ನಿಮಿಷ ನಿಂತ್ಕೊಳ್ಳಿ. ತಂತಿ ಶ್ರುತಿ ಮಾಡಿದ ತಕ್ಷಣ, ಯಾರೂ ಹೇಳದೇ, ಬೆರಳು ಮೊದಲು ಯಾವ ರಿಫ್ ಕಡೆ ಹೋಗುತ್ತೆ ಅನ್ನೋದನ್ನ ಕೇಳಿಸ್ಕೊಳ್ಳಿ.