ನೆಮೆಯಾ: ಬಾಗಿಲು ಹಾಕಿಕೊಂಡ ಊರಿನಲ್ಲಿ ಮೂರು ದಿನ

ಎಲ್ಲರಿಗೂ ನಮಸ್ಕಾರ.

ಗ್ರೀಸ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬಿಳಿ ಗೋಡೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ ಬಂದಿರುತ್ತೆ. ಕ್ಯಾಲೆಂಡರಿನಲ್ಲಿ ಬರುವ ಆ ದ್ವೀಪ ಸ್ಯಾಂಟೊರಿನಿ. ನಾನು ಅಲ್ಲಿಗೆ ಹೋಗಿಲ್ಲ. ಹಾಗಾಗಿ ಇವತ್ತಿನ ಮಾತಿನಲ್ಲಿ ಸಮುದ್ರ ಇಲ್ಲ. ನಾನು ಹೋದದ್ದು ನೆಮೆಯಾ ಎಂಬ ಊರಿಗೆ. ಅಥೆನ್ಸಿನಿಂದ ಸುಮಾರು 120 ಕಿಲೋಮೀಟರ್, ಗುಡ್ಡಗಳ ನಡುವಿನ ಬಯಲು. ಜನ ನಾಲ್ಕು ಸಾವಿರದ ಆಸುಪಾಸು. ಬೆಳೆ ದ್ರಾಕ್ಷಿ, ಕಸುಬು ವೈನ್. ಇಲ್ಲಿ ವೈನ್ ಮುಟ್ಟದವರು ಬಹಳ ಜನ ಇದ್ದೀರಿ ಅಂತ ಗೊತ್ತು. ಗಾಬರಿ ಬೇಡ, ಕುಡಿಯುವುದಕ್ಕಿಂತ ಕಾಯುವುದರ ಕತೆಯೇ ಇದರಲ್ಲಿ ಜಾಸ್ತಿ.

ಕಾಯುವುದು ಕೊರಿಂತ್ ಊರಿನಿಂದಲೇ ಶುರುವಾಯಿತು. ಅಥೆನ್ಸ್ ಕಡೆಯಿಂದ ಬರುವಾಗ ಮೊದಲು ಕೊರಿಂತ್ ಕಾಲುವೆ ಸಿಗುತ್ತೆ. 1893ರಲ್ಲಿ ತೆರೆದದ್ದು. ಆರು ಕಿಲೋಮೀಟರಿಗೂ ಉದ್ದ ಬಂಡೆಯನ್ನು ನೇರವಾಗಿ ಸೀಳಿ ಎರಡು ಸಮುದ್ರಗಳನ್ನು ಕೂಡಿಸಿದ್ದಾರೆ. ಬಸ್ಸಿನ ಕಿಟಕಿಯಿಂದ ಅದು ಕಂಡದ್ದು ಮೂರೋ ನಾಲ್ಕೋ ಸೆಕೆಂಡು. ಕಾಲುವೆ ದಾಟಿದರೆ ಪೆಲೊಪೊನೀಸ್, ಅಂದರೆ ಗ್ರೀಸಿನ ದಕ್ಷಿಣದ ಭಾಗ. ಕೊರಿಂತಿನಲ್ಲಿ ಇಳಿದು ನೆಮೆಯಾ ಬಸ್ ಹುಡುಕಿದೆ. ಒಂದು ಬಸ್ ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಹತ್ತಿ, ಡ್ರೈವರನ್ನು ಕೇಳಿದೆ, "ನೆಮೆಯಾ?" ಆತ ನನ್ನ ಮುಖ ನೋಡಿ, "ನೆ" ಅಂದ. ಓಹೋ, ಇದಲ್ಲ ಅಂದುಕೊಂಡು ಥ್ಯಾಂಕ್ಸ್ ಹೇಳಿ ಇಳಿದೆ. ಆತ ಒಂದು ಥರ ನೋಡಿದ. ಬಸ್ ಹೊರಟಿತು. ಹಿಂದುಗಡೆ ಬೋರ್ಡಿನಲ್ಲಿ ಏನಿತ್ತು ಅಂತ ನೀವೇ ಊಹಿಸಿ.

ಗ್ರೀಕ್ ಭಾಷೆಯಲ್ಲಿ "ನೆ" ಅಂದರೆ ಹೌದು. ಅಲ್ಲ ಅನ್ನುವುದಕ್ಕೆ "ಓಹಿ". ಕೆಲವರು ಅದನ್ನೂ ಬಾಯಲ್ಲಿ ಹೇಳುವುದಿಲ್ಲ. ಹುಬ್ಬು ಎತ್ತಿ, ತಲೆ ಸ್ವಲ್ಪ ಹಿಂದಕ್ಕೆ ಮಾಡಿ "ತ್ಚ" ಅಂತಾರೆ. ಹಿಂದಿ ಕೇಳಿ ಬೆಳೆದ ಕಿವಿಗೆ "ನೆ" ಅಂದರೆ ಇಲ್ಲ ಅಂತಲೇ ಕೇಳೋದು, ಏನು ಮಾಡೋದು?

ಮುಂದಿನ ಬಸ್ ಹಿಡಿದು ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಸೆಪ್ಟೆಂಬರ್ ಕೊನೆ, ಆದರೂ ಬಿಸಿಲು ಚುರುಗುಡುತ್ತಿತ್ತು. ಇಳಿದೆ. ಊರೇ ಇಲ್ಲ. ಕಟ್ಟಡಗಳಿವೆ, ಅಂಗಡಿ ಬೋರ್ಡುಗಳಿವೆ, ಜನ ಇಲ್ಲ. ಒಂದು ನಾಯಿ ಮಲಗಿತ್ತು, ಅದೂ ತಲೆ ಎತ್ತಲಿಲ್ಲ. ಅಲ್ಲಿ ಮಧ್ಯಾಹ್ನದ ನಿದ್ದೆಗೆ ಕಾನೂನಿನ ಕಾವಲೇ ಇದೆ. ಬೇಸಿಗೆಯಲ್ಲಿ 3ರಿಂದ 5.30ರ ತನಕ ಗದ್ದಲ ಮಾಡಬಾರದು. ಇದು ಗೊತ್ತಿಲ್ಲದೆ ನಾನು ಚಕ್ರದ ಸೂಟ್‌ಕೇಸನ್ನು ಕಲ್ಲುಹಾಸಿನ ಮೇಲೆ ದಡದಡ ಎಳೆದುಕೊಂಡು ಹೋದೆ. ಮೇಲಿನಿಂದ ಒಂದು ಕಿಟಕಿ ತೆರೆಯಿತು, ಮುಚ್ಚಿತು.

ರೂಮಿನಲ್ಲಿ ಬ್ಯಾಗ್ ಇಟ್ಟು ಹತ್ತಿರದ ಒಂದು ವೈನರಿಗೆ ನಡೆದುಕೊಂಡು ಹೋದೆ. ಗೇಟ್ ಹಾಕಿತ್ತು. ಇನ್ನೊಂದಕ್ಕೆ ಹೋದೆ, ಅದೂ ಹಾಕಿತ್ತು. ಮೊದಲೇ ಫೋನ್ ಮಾಡಿ ಹೊತ್ತು ಗೊತ್ತು ಮಾಡಿಕೊಂಡೇ ಬರಬೇಕು ಅಂತ ಸಂಜೆ ಮನೆಯೊಡತಿ ಹೇಳಿದರು. ನನಗೆ ಸಿಟ್ಟು ಬಂತು. ಇಷ್ಟು ದೂರದಿಂದ ಬಂದವನಿಗೆ ಇದೇನು, ಬೇಡದ ನೆಂಟನ ಹಾಗೆ? ಪಟ್ಟಣದ ಬಗ್ಗೆ ಒಂದು ತೀರ್ಮಾನವನ್ನೂ ಮಾಡಿಬಿಟ್ಟೆ, ಸತ್ತ ಊರು ಅಂತ. ತೀರ್ಮಾನ ಮಾಡೋದಕ್ಕೆ ನನಗೆ ಯಾವಾಗಲೂ ಅರ್ಧ ದಿನ ಸಾಕು.

ಮಾರನೆಯ ಬೆಳಿಗ್ಗೆ ಬೇಗ ಎದ್ದು ಹಳೆ ನೆಮೆಯಾ, ಅಂದರೆ ಪ್ರಾಚೀನ ಅವಶೇಷಗಳಿರುವ ಜಾಗದ ಕಡೆಗೆ ಹೊರಟೆ. ನಾಲ್ಕೈದು ಕಿಲೋಮೀಟರ್, ಎರಡೂ ಕಡೆ ದ್ರಾಕ್ಷಿ ತೋಟ. ಆಗ ತಿಳಿಯಿತು ಊರು ಎಲ್ಲಿದೆ ಅಂತ. ಊರು ತೋಟದಲ್ಲಿತ್ತು. ಕೊಯ್ಲು ನಡೆಯುತ್ತಿತ್ತು. ಸಾಲು ಸಾಲಿನಲ್ಲಿ ಜನ ಬಗ್ಗಿ ಗೊಂಚಲು ಕತ್ತರಿಸುತ್ತಿದ್ದರು. ಪ್ಲಾಸ್ಟಿಕ್ ಕ್ರೇಟು, ಟ್ರಾಕ್ಟರು, ಪಿಕಪ್ಪು, ಕಣಜದ ಹುಳು, ಗಾಳಿಯಲ್ಲೆಲ್ಲ ಹುಳಿಬೆಲ್ಲದಂಥ ವಾಸನೆ. ಇವರೆಲ್ಲ ಬೆಳಕು ಹರಿಯುವ ಮುಂಚೆ ಬಂದವರು. ಮಧ್ಯಾಹ್ನ ಎರಡೂವರೆಗೆ ಮಲಗದೆ ಇನ್ನೇನು ಮಾಡಿಯಾರು?

ಒಂದು ತೋಟದ ಬದುವಿನಲ್ಲಿ ನಿಂತು ನೋಡುತ್ತಿದ್ದೆ. ಒಳಗಿನಿಂದ ಒಬ್ಬ ಹುಡುಗ, "ಭಾಯಿ ಸಾಬ್, ಇಂಡಿಯಾ?" ಅಂತ ಕೂಗಿದ. ಪಂಜಾಬಿನವನು. ಗ್ರೀಸಿನ ಹೊಲಗಳಲ್ಲಿ ಅಲ್ಬೇನಿಯಾದವರು, ಪಾಕಿಸ್ತಾನದವರು, ನಮ್ಮ ಪಂಜಾಬಿನವರು ತುಂಬ ದುಡಿಯುತ್ತಾರೆ. ಅದು ಪ್ರವಾಸಿ ಪುಸ್ತಕದಲ್ಲಿ ಇರುವುದಿಲ್ಲ. ಊರಲ್ಲಿ ಯಾರೂ ಕಾಣಲಿಲ್ಲವಲ್ಲ ಅಂದೆ. ಅವನು ನಕ್ಕು, "ಎರಡು ವಾರ ಊರು ಇಲ್ಲಿರುತ್ತೆ. ಆಮೇಲೆ ಟ್ಯಾಂಕಿನ ಹತ್ತಿರ ಇರುತ್ತೆ. ಚೌಕದಲ್ಲಿ ಹುಡುಕಿದರೆ ಮುದುಕರು ಸಿಗ್ತಾರೆ ಅಷ್ಟೆ" ಅಂದ. ಒಂದು ಗೊಂಚಲು ಕೈಗಿಟ್ಟು ಓಡಿದ. ಮೇಸ್ತ್ರಿ ಕರೆಯುತ್ತಿದ್ದ.

ಆ ದ್ರಾಕ್ಷಿಯ ಬಗ್ಗೆ ಸ್ವಲ್ಪ ಹೇಳಬೇಕು. ಹೆಸರು ಅಯೋರ್ಗಿತಿಕೊ. ಅಂದರೆ ಸಂತ ಜಾರ್ಜನದ್ದು. ನೆಮೆಯಾ ಪಟ್ಟಣಕ್ಕೆ ಹಿಂದೆ ಸಂತ ಜಾರ್ಜನ ಹೆಸರೇ ಇತ್ತು. ಊರು ಹೆಸರು ಬದಲಿಸಿಕೊಂಡಿತು, ಬಳ್ಳಿ ಹಳೆಯದನ್ನೇ ಇಟ್ಟುಕೊಂಡಿತು. ಚಿಕ್ಕ ಕಾಯಿ, ಕಪ್ಪು ಸಿಪ್ಪೆ. ತಿನ್ನಲು ಬೆಳೆಯುವ ದ್ರಾಕ್ಷಿ ಅಲ್ಲ, ಬೀಜ ಹಲ್ಲಿಗೆ ಸಿಗುತ್ತೆ. 1971ರಿಂದ ಈ ವೈನಿಗೆ ಮೂಲಸ್ಥಳದ ಮುದ್ರೆ ಇದೆ, ನಮ್ಮ ಜಿಐ ಟ್ಯಾಗ್ ಇದ್ದ ಹಾಗೆ. ಬಾಟಲಿ ಮೇಲೆ ನೆಮೆಯಾ ಅಂತ ಆ ಮುದ್ರೆ ಹಾಕಬೇಕಾದರೆ ಒಳಗೆ ಪೂರ್ತಿ ಅಯೋರ್ಗಿತಿಕೊ ಇರಬೇಕು, ಬೇರೆ ದ್ರಾಕ್ಷಿ ಒಂದು ಹನಿಯೂ ಬೆರೆಯುವ ಹಾಗಿಲ್ಲ. ಬಯಲಿನ ತೋಟಗಳು ಇನ್ನೂರೈವತ್ತು ಮುನ್ನೂರು ಮೀಟರ್ ಎತ್ತರದಲ್ಲಿದ್ದರೆ, ಅಸ್ಪ್ರೊಕಂಬೊಸ್ ಎಂಬ ಹಳ್ಳಿಯ ಕಡೆಯವು ಎಂಟುನೂರು ಮುಟ್ಟುತ್ತವೆ. ಮೇಲೆ ಹೋದಷ್ಟೂ ತಂಪು, ಹಣ್ಣು ತಡ, ಹುಳಿ ಉಳಿಯುತ್ತೆ. ಕೆಳಗೆ ಬೇಗ ಮಾಗಿ ಸಿಹಿ ಜಾಸ್ತಿ.

ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವರಿಗೆ ದ್ರಾಕ್ಷಿ ತೋಟ ಅಂದರೆ ಚಪ್ಪರ. ಅದರ ಕೆಳಗೆ ನೆರಳಲ್ಲಿ ಓಡಾಡಬಹುದು. ನೆಮೆಯಾದಲ್ಲಿ ನೆರಳೇ ಇಲ್ಲ. ಸೊಂಟದೆತ್ತರಕ್ಕೆ ತಂತಿ, ಅದಕ್ಕೆ ಬಳ್ಳಿ. ಇನ್ನೊಂದು ವ್ಯತ್ಯಾಸ ನನಗೆ ತುಂಬ ಹಿಡಿಸಿತು. ಅಲ್ಲಿ ಚಳಿಗಾಲಕ್ಕೆ ಎಲೆ ಉದುರಿ ಬಳ್ಳಿ ಮಲಗಿಬಿಡುತ್ತೆ. ಆ ನಿದ್ದೆಯಲ್ಲೇ ಸವರುತ್ತಾರೆ. ವಸಂತಕ್ಕೆ ಚಿಗುರು, ವರ್ಷಕ್ಕೆ ಒಂದೇ ಬೆಳೆ. ನಮ್ಮಲ್ಲಿ ಅಂಥ ಚಳಿ ಎಲ್ಲಿ? ವರ್ಷಕ್ಕೆ ಎರಡು ಸಲ ಸವರಿ ನಾವೇ ಎಬ್ಬಿಸುತ್ತೇವೆ. ಬೆಂಗಳೂರು ನೀಲಿ ದ್ರಾಕ್ಷಿ ಎರಡು ಬೆಳೆಯನ್ನೂ ಕೊಡುತ್ತೆ. ಪಾಪ, ನಮ್ಮ ಬಳ್ಳಿಗೆ ರಜೆಯೇ ಇಲ್ಲ.

ಹಳೆ ನೆಮೆಯಾದಲ್ಲಿ ಜ್ಯೂಸ್ ದೇವರ ಗುಡಿ ಇದೆ. ಜ್ಯೂಸ್ ಅಂದರೆ ಅವರ ದೇವತೆಗಳ ರಾಜ. ಕ್ರಿ.ಪೂ. 330ರ ಸುಮಾರಿನ ಕಟ್ಟಡ. ಶತಮಾನಗಳ ಕಾಲ ಮೂರೇ ಕಂಬ ನಿಂತಿದ್ದವು. ಉಳಿದವು ಬಾಳೆದಿಂಡನ್ನು ಬಿಲ್ಲೆ ಬಿಲ್ಲೆ ಹೆಚ್ಚಿಟ್ಟ ಹಾಗೆ ನೆಲದ ಮೇಲೆ ಸಾಲಾಗಿ ಬಿದ್ದಿದ್ದವು. 2002ರಿಂದ ಈಚೆಗೆ ಕೆಲವನ್ನು ಎತ್ತಿ ನಿಲ್ಲಿಸಿದ್ದಾರೆ, ಈಗ ಒಂಬತ್ತು ಇವೆ. ಅಗೆದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು. ಮುಂದೆ ನಿಂತು ಮಾಡಿಸಿದವರು ಸ್ಟೀಫನ್ ಮಿಲ್ಲರ್. 1970ರ ದಶಕದಲ್ಲಿ ಕೆಲಸ ಹಿಡಿದವರು ಆ ಊರಿನವರೇ ಆಗಿಬಿಟ್ಟರು.

ಅಲ್ಲಿ ಓದಿದ ಒಂದು ಸಂಗತಿ ನನ್ನ ಹಿಂದಿನ ದಿನದ ಸಿಟ್ಟನ್ನು ಇಳಿಸಿತು. ಪ್ರಾಚೀನ ನೆಮೆಯಾ ಊರೇ ಅಲ್ಲ. ಅದು ಬರೀ ಜಾತ್ರೆಯ ಜಾಗ. ಒಲಿಂಪಿಯಾ, ಡೆಲ್ಫಿ, ಇಸ್ತ್ಮಿಯಾಗಳ ಜೊತೆ ಇಡೀ ಗ್ರೀಸ್ ಸೇರುತ್ತಿದ್ದ ನಾಲ್ಕು ಕ್ರೀಡಾಕೂಟಗಳಲ್ಲಿ ಒಂದು ಇಲ್ಲಿ ನಡೆಯುತ್ತಿತ್ತು. ಕ್ರಿ.ಪೂ. 573ರಿಂದ, ಎರಡು ವರ್ಷಕ್ಕೊಮ್ಮೆ. ಕೆಲವು ದಿನ ಸಾವಿರಾರು ಜನ, ಓಟ, ಕುಸ್ತಿ, ಧೂಳು. ಬಂದವರಿಗೆ ಒಂದು ಉದ್ದನೆಯ ಛತ್ರವನ್ನೂ ಕಟ್ಟಿದ್ದರು, ಅದರ ಪಾಯ ಈಗಲೂ ಇದೆ. ಆಟ ಮುಗಿದರೆ ಎಲ್ಲ ಖಾಲಿ. ಕ್ರಿ.ಪೂ. 271ರ ಹೊತ್ತಿಗೆ ಆಟಗಳನ್ನೇ ಆರ್ಗೊಸ್ ಪಟ್ಟಣದವರು ತಮ್ಮೂರಿಗೆ ಸಾಗಿಸಿಕೊಂಡು ಹೋದರು. ನಾನು ನಿನ್ನೆ ಬಂದು ಸತ್ತ ಊರು ಅಂದೆನಲ್ಲ, ಈ ಕಣಿವೆಗೆ ಆ ಮಾತು ಹೊಸದಲ್ಲ.

ಆಟಗಳು ಹುಟ್ಟಿದ ಕತೆಯೂ ಒಬ್ಬ ದಾರಿಹೋಕನ ಬಾಯಾರಿಕೆಯದೇ. ಒಫೆಲ್ಟೆಸ್ ಅಂತ ರಾಜನ ಮಗು. ನಡೆಯಲು ಕಲಿಯುವ ತನಕ ನೆಲ ಸೋಕಿಸಬಾರದು ಅಂತ ದೈವವಾಣಿ. ಥೀಬ್ಸ್ ನಗರದ ಮೇಲೆ ದಂಡೆತ್ತಿ ಹೊರಟ ವೀರರು ಆ ದಾರಿಯಲ್ಲಿ ಬಂದು ಮಗುವಿನ ದಾದಿಯನ್ನು ನೀರು ಕೇಳಿದರು. ಅವಳು ಮಗುವನ್ನು ಕಾಡು ಸೆಲರಿ ಸೊಪ್ಪಿನ ಮೇಲೆ ಮಲಗಿಸಿ ಊಟೆ ತೋರಿಸಲು ಹೋದಳು. ಹಾವು ಬಂತು. ಆ ಮಗುವಿನ ನೆನಪಿಗೆ ಆಟ. ಅದಕ್ಕೇ ಗೆದ್ದವನಿಗೆ ಚಿನ್ನವಲ್ಲ, ಕಾಡು ಸೆಲರಿಯ ಕಿರೀಟ. ತೀರ್ಪುಗಾರರು ಕಪ್ಪು ಬಟ್ಟೆ ಉಡುತ್ತಿದ್ದರು. ನೆಮೆಯಾ ಅಂದರೆ ಪುರಾಣದ ವೀರ ಹೆರಾಕ್ಲೆಸ್ ಕೊಂದ ಸಿಂಹ ಅಂತಲೇ ಎಲ್ಲರೂ ಹೇಳೋದು. ವೈನಿನ ಕಡುಗೆಂಪಿಗೂ ಅವನ ರಕ್ತವನ್ನೇ ಹೇಳುತ್ತಾರೆ. ನನಗೆ ಮಾತ್ರ ಸಿಂಹಕ್ಕಿಂತ ಈ ಸೊಪ್ಪಿನ ಕತೆಯೇ ದೊಡ್ಡದು.

ಗುಡಿಯಿಂದ ಸ್ವಲ್ಪ ದೂರದಲ್ಲಿ ಓಟದ ಕಣ. ಅದಕ್ಕೆ ಒಳಬರುವ ದಾರಿ 36 ಮೀಟರಿನ ಕಲ್ಲಿನ ಸುರಂಗ. ಒಳಗೆ ತಣ್ಣಗಿತ್ತು, ನಾನೊಬ್ಬನೇ ಇದ್ದೆ. ಹೆಸರು ಕೂಗುವ ತನಕ ಓಟಗಾರರು ಇಲ್ಲಿ ಕಾಯುತ್ತಿದ್ದರು. ಕೈ ಸುಮ್ನೆ ಇರುತ್ತಾ? ಗೋಡೆಯಲ್ಲಿ ಹೆಸರು ಕೆತ್ತಿದ್ದಾರೆ. ಒಬ್ಬ "ಅಕ್ರೊತಾತೊಸ್ ಚೆಲುವ" ಅಂತ ಬರೆದಿದ್ದಾನೆ. ಅದರ ಪಕ್ಕ ಇನ್ನೊಬ್ಬ, ಹಾಗಂತ ಬರೆದವನ ಲೆಕ್ಕದಲ್ಲಿ, ಅಂತ ಸೇರಿಸಿದ್ದಾನೆ. ನಮ್ಮ ಕಾಲೇಜಿನ ಬೆಂಚುಗಳು ನೆನಪಾದವು. ಸುರಂಗ ದಾಟಿದರೆ ಬಯಲು, ಆಚೆ ಕಲ್ಲಿನ ಗೆರೆ. ಅದರಲ್ಲಿ ಕಾಲ್ಬೆರಳು ಊರಲು ಎರಡು ಸಾಲು ತೋಡು. ನಾನೂ ಶೂ ಬಿಚ್ಚಿ ಬೆರಳಿಟ್ಟೆ. ಓಡಲಿಲ್ಲ, ಮಂಡಿ ನೋವು. 1996ರಲ್ಲಿ ಮಿಲ್ಲರ್ ಮತ್ತು ಊರವರು ಸೇರಿ ಈ ಆಟವನ್ನು ಮತ್ತೆ ಶುರುಮಾಡಿದ್ದಾರೆ. ಯಾರು ಬೇಕಾದರೂ ಓಡಬಹುದು. ಬರಿಗಾಲು, ಬಿಳಿ ನಿಲುವಂಗಿ, ದಾಖಲೆ ಲೆಕ್ಕ ಇಲ್ಲ.

ಸಂಜೆ ಒಂದು ವೈನರಿಯ ಬಾಗಿಲೂ ತೆರೆಯಿತು, ಫೋನ್ ಮಾಡಿದ್ದೆ. ಸ್ಟೀಲ್ ಟ್ಯಾಂಕು, ಓಕ್ ಮರದ ಪೀಪಾಯಿ, ನಾಲ್ಕು ಗ್ಲಾಸು, ಉಗುಳಲು ಒಂದು ಪಾತ್ರೆ. ಇವೆಲ್ಲ ವೈನ್ ಮಾಡುವ ಯಾವ ದೇಶದಲ್ಲೂ ಇರುತ್ತವೆ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ಕತ್ತಲಾದ ಮೇಲೆ ಚೌಕದ ಕಾಫಿ ಅಂಗಡಿಗೆ ಬಂದೆ. ಕಫೆನಿಯೊ ಅಂತಾರೆ. ಬೆಳಿಗ್ಗೆ ಆ ಹುಡುಗ ಹೇಳಿದ ಮುದುಕರು ಅಲ್ಲೇ ಇದ್ದರು. ಸಣ್ಣ ಕಪ್ಪಿನ ಕಾಫಿ, ಜೊತೆಗೆ ಒಂದು ಲೋಟ ನೀರು. ಸಕ್ಕರೆ ಮೊದಲೇ ಹೇಳಬೇಕು, ಏಕೆಂದರೆ ಪುಡಿಯ ಜೊತೆಗೇ ಕುದಿಸುತ್ತಾರೆ. ಸ್ಕೆತೊ ಅಂದರೆ ಇಲ್ಲ, ಮೆತ್ರಿಯೊ ಅಂದರೆ ಹದ, ಗ್ಲಿಕೊ ಅಂದರೆ ಸಿಹಿ.

ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿತ್ತು. ವೈನಿಗೆ ಗ್ರೀಕರು ಈಗ ಹೇಳುವ ಮಾತು "ಕ್ರಾಸಿ". ಅದರ ಮೂಲ ಅರ್ಥ ಬೆರಕೆ ಅಂತ ಅವರು ಹೇಳಿದರು. ಹಳೆಯ ಗ್ರೀಕರು ವೈನಿಗೆ ನೀರು ಬೆರೆಸದೆ ಕುಡಿಯುತ್ತಿರಲಿಲ್ಲ. ಹಾಗೇ ಕುಡಿಯುವವನು ಅನಾಗರಿಕ. ಆಗ ನಾನು ಬಿಡುತ್ತೇನಾ? ನನ್ನ ಹತ್ತಿರವೂ ಒಂದು ಕತೆ ಇತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನ ಇದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣು, ಅವಳನ್ನು ಬಿಡಿಸಲು ಬಂದವರು ನಮ್ಮ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ ಬೀಳಿಸುತ್ತಾರೆ. ಅದರಲ್ಲಿ ಭಾರತೀಯರು ಆಡುವ ಮಾತು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದರು, ಆಮೇಲೆ ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು. "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಅಂತ ಒಂದು ಸಾಲನ್ನು ಓದಿದ್ದೂ ಉಂಟು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ ಅನ್ನುವುದನ್ನೂ ಹೇಳಿದೆ. ಮೇಷ್ಟ್ರು ಅದನ್ನು ಟೇಬಲ್ಲಿಗೆಲ್ಲ ಗ್ರೀಕಿನಲ್ಲಿ ಹೇಳಿದರು. ದೊಡ್ಡ ನಗು. ಒಬ್ಬ ಅಜ್ಜ ಎದ್ದು ಹೋಗಿ, ಒಂದೂವರೆ ಲೀಟರಿನ ನೀರಿನ ಬಾಟಲಿಯಲ್ಲಿ ಮನೆಯ ವೈನ್ ತುಂಬಿ ತಂದು ನನ್ನ ಮುಂದೆ ಇಟ್ಟ. ಲೇಬಲ್ ಇನ್ನೂ ನೀರಿನದೇ ಇತ್ತು. ದುಡ್ಡು ಕೊಡಲು ಹೋದೆ. ಹುಬ್ಬು ಎತ್ತಿ "ತ್ಚ" ಅಂದ. ಈ ಸಲ ಅರ್ಥವಾಯಿತು.

ಮೂರನೆಯ ದಿನ ಅಥೆನ್ಸಿಗೆ ವಾಪಸ್ಸು. ರಾತ್ರಿ ರೂಮಿನಲ್ಲಿ ಆ ಬಾಟಲಿ ತೆಗೆದೆ. ಖಾರವಾಗಿತ್ತು, ಒರಟಾಗಿತ್ತು. ಹಳೆಯವರ ಹಾಗೆ ಅರ್ಧ ನೀರು ಬೆರೆಸಿದೆ. ಆಗ ಹಿತವಾಯಿತು. ಆದರೂ ಒಂದು ಗ್ಲಾಸಿನ ಮೇಲೆ ನನ್ನಿಂದ ಆಗಲಿಲ್ಲ. ಬೆಳಿಗ್ಗೆ ವಿಮಾನ. ಉಳಿದದ್ದನ್ನು ಮನೆಯ ಯಜಮಾನರಿಗೆ ಕೊಟ್ಟೆ. ಅವರು ಮುಚ್ಚಳ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ನನ್ನ ಕಡೆ ನೋಡಿದರು.

"ನೆಮೆಯಾ?"

"ನೆ" ಅಂದೆ.