ಹೊರಬಿಟ್ಟ ಗ್ಯಾಸ್ ಎಲ್ಲಿಗೆ ಹೋಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಮರದಿಂದ ಜಾರಿ ಬಿದ್ದವರನ್ನು ಕಾಸರಗೋಡಿಗೋ, ತಲಪಾಡಿ ದಾಟಿ ಮಂಗಳೂರಿಗೋ ಕರೆದುಕೊಂಡು ಓಡುತ್ತೇವೆ. ಭುಜದ ಕೀಲು ತಪ್ಪಿದ್ದರೆ ಅದನ್ನು ಕೂರಿಸುವಾಗಿನ ನೋವು ಸಣ್ಣದಲ್ಲ. ಕೆಲವು ಆಸ್ಪತ್ರೆಗಳ ಕ್ಯಾಜುವಲ್ಟಿಯಲ್ಲಿ ಆಗ ಕೈಗೊಂದು ಮಾಸ್ಕ್ ಕೊಡುತ್ತಾರೆ. ಅದರಲ್ಲಿ ಬರುವುದು ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ, ಅರ್ಧಕ್ಕರ್ಧ. ಲಾಫಿಂಗ್ ಗ್ಯಾಸ್ ಅಂತ ಕೇಳಿದ್ದೀರಲ್ವಾ, ಅದೇ. ಬೇಗ ಹತ್ತುತ್ತದೆ, ಬೇಗ ಇಳಿಯುತ್ತದೆ. ರೋಗಿಗೆ ಅದು ದೊಡ್ಡ ಉಪಕಾರ.

ಆದರೆ ನನಗೆ ಚಿಂತೆ ಪಕ್ಕದಲ್ಲಿ ನಿಂತ ಸಿಸ್ಟರದ್ದು.

ಈ ಗ್ಯಾಸ್ ಮೈಯೊಳಗೆ ಕರಗಿ ಮುಗಿದುಹೋಗುವುದಿಲ್ಲ. ಎಳೆದದ್ದು ಹೆಚ್ಚುಕಡಿಮೆ ಹಾಗೆಯೇ ಉಸಿರಿನಲ್ಲಿ ವಾಪಸ್ ಬರುತ್ತದೆ. ನೋವಿನಲ್ಲಿ ಒದ್ದಾಡುವ ಮನುಷ್ಯ ಮಾಸ್ಕನ್ನು ಸರಿಯಾಗಿ ಒತ್ತಿ ಹಿಡಿಯುವುದೂ ಇಲ್ಲ. 'ಉಸಿರು ಎಳೀರಿ ಅಣ್ಣ, ಇನ್ನೊಮ್ಮೆ ಎಳೀರಿ' ಎಂದು ಸಿಸ್ಟರ್ ಬಗ್ಗಿ ಹೇಳುವಾಗ, ಮಾಸ್ಕಿನ ಅಂಚಿನಿಂದ ಸೋರಿದ್ದು ನೇರ ಅವರ ಮುಖಕ್ಕೆ. ವಾಸನೆ ಹೆಚ್ಚೇನೂ ಇಲ್ಲದ್ದರಿಂದ ಗೊತ್ತೇ ಆಗುವುದಿಲ್ಲ. ರೋಗಿಗೆ ಒಂದೇ ದಿನದ ಮಾತು, ಸಿಸ್ಟರಿಗೆ ವರ್ಷವಿಡೀ.

ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರಕಾರಿ ಸಂಸ್ಥೆ ನಯೋಶ್ (NIOSH) ಕೆಲಸಗಾರರಿಗೆ ಶಿಫಾರಸು ಮಾಡಿದ ಮಿತಿ, ಗ್ಯಾಸ್ ಕೊಡುವ ಹೊತ್ತಿನ ಸರಾಸರಿಯಲ್ಲಿ, ಗಾಳಿಯ 10 ಲಕ್ಷ ಪಾಲಿಗೆ 25 ಪಾಲು. ಮಾಸ್ಕಿನೊಳಗೆ ಇರುವುದು 5 ಲಕ್ಷ ಪಾಲು! ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಈ ಗ್ಯಾಸ್ ಮೈಯಲ್ಲಿರುವ ಬಿ12 ವಿಟಮಿನ್ನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. 1992ರಲ್ಲಿ ಅಮೆರಿಕದ ಹಲ್ಲಿನ ಕ್ಲಿನಿಕ್‌ಗಳ ಸಹಾಯಕಿಯರ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಹೊರಬಿಟ್ಟ ಗ್ಯಾಸನ್ನು ಎಳೆದು ತೆಗೆಯುವ ಪೈಪ್ ಇಲ್ಲದ ಕೋಣೆಯಲ್ಲಿ ವಾರಕ್ಕೆ 5 ಗಂಟೆ ಅಥವಾ ಜಾಸ್ತಿ ಈ ಗ್ಯಾಸಿನ ನಡುವೆ ಕೆಲಸ ಮಾಡಿದವರು ಗರ್ಭ ಧರಿಸುವುದು ತಡವಾಗಿತ್ತು. ಪೈಪ್ ಇದ್ದ ಕಡೆ ಆ ತೊಂದರೆ ಕಾಣಲಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ಇಂಥ ಪೈಪಿನ ಬಗ್ಗೆ ಯೋಚಿಸುತ್ತಾರೆ. ಕ್ಯಾಜುವಲ್ಟಿಯಲ್ಲಿ ಪರದೆ ಎಳೆದ ಮೂಲೆಯೇ ಥಿಯೇಟರ್. ಗೋಡೆಗೆ ಎಸಿ ಹಾಕಿದ್ದೇವಲ್ಲ ಅನ್ನುತ್ತಾರೆ. ಮನೆಗಳಲ್ಲಿರುವಂಥ ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ, ಹೊರಗೆ ಹಾಕುವುದಿಲ್ಲ. ಮೂಗಿಗೆ ಕಟ್ಟುವ ಸರ್ಜಿಕಲ್ ಮಾಸ್ಕೂ ಗ್ಯಾಸನ್ನು ತಡೆಯದು.

ಆಸ್ಪತ್ರೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಗ್ಯಾಸ್ ಎಳೆದು ಕಟ್ಟಡದ ಹೊರಗೆ ಬಿಡುವ ವ್ಯವಸ್ಥೆ ಮಾಡಿ. ಹೊಸ ಗಾಳಿ ಬರಲಿ. ಮಾಸ್ಕ್, ರಬ್ಬರ್ ಟ್ಯೂಬ್, ವಾಲ್ವ್ ಸೋರುತ್ತವೆಯೇ ಎಂದು ಆಗಾಗ ನೋಡಿಸಿ. ಗರ್ಭಿಣಿ ಸಿಸ್ಟರ್ ಆ ಡ್ಯೂಟಿ ಬೇಡ ಎಂದರೆ ಮರುಮಾತಿಲ್ಲದೆ ಬದಲಿಸಿಕೊಡಿ.

ನಮಸ್ಕಾರ.