ಟ್ರಂಕಿನೊಳಗಿನ ಬಾನುಲಿ

ಕೇಳುಗರಿಗೆ ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ಅಟ್ಟದ ಮೇಲಿನ ಬೂಟಿನ ಡಬ್ಬಿಯಲ್ಲೋ ಇನ್ನೂ ಕ್ಯಾಸೆಟ್ಟುಗಳಿವೆ. ಅಂಗಡಿಯಿಂದ ಕೊಂಡು ತಂದವುಗಳ ಮಾತು ಬೇರೆ, ಆ ಹಾಡು ಇನ್ನೆಲ್ಲಾದರೂ ಸಿಕ್ಕೀತು. ರೇಡಿಯೊ ಹಚ್ಚಿ, ಕೆಂಪು ಗುಂಡಿ ಒತ್ತಿ, ಮನೆಯಲ್ಲೇ ತುಂಬಿಕೊಂಡ ಕ್ಯಾಸೆಟ್ಟುಗಳ ಬಗ್ಗೆ ಇವತ್ತು ಮಾತಾಡೋಣ. ಹಿರಿಯರ ಡಬ್ಬಿಯಲ್ಲಿ ತತ್ವಪದ, ವಚನ ಗಾಯನ, ಕವ್ವಾಲಿ ಇರುತ್ತವೆ. ಅದೇ ಮನೆಯ ಮಕ್ಕಳ ಡಬ್ಬಿ ತೆಗೆದರೆ ಸಿಂಥಸೈಜರ್, ಡ್ರಮ್ ಮಶೀನುಗಳ ಎಲೆಕ್ಟ್ರಾನಿಕ್ ಸಂಗೀತ. ಬೆಂಗಳೂರಿನ ಹಾಸ್ಟೆಲಿನಲ್ಲಿ ಎಫ್‌ಎಂನಿಂದ ಹಿಡಿದದ್ದು, ಇಲ್ಲವೇ ಪರದೇಶದಿಂದ ಯಾರೋ ತಂದುಕೊಟ್ಟದ್ದು. ಬಿಬಿಸಿ ರೇಡಿಯೊ 1ರಲ್ಲಿ 1993ರಲ್ಲಿ ಶುರುವಾದ, ಇಂಥ ಸಂಗೀತದ ಎರಡು ತಾಸಿನ ವಾರದ ಕಾರ್ಯಕ್ರಮ 'ಎಸೆನ್ಶಿಯಲ್ ಮಿಕ್ಸ್' ಅನ್ನು ಜಗತ್ತಿನಾದ್ಯಂತ ಹುಡುಗರು ಹೀಗೆಯೇ ಕ್ಯಾಸೆಟ್ಟಿಗೆ ಇಳಿಸಿಕೊಂಡರು.

ಹಿರಿಯರದೂ ಮಕ್ಕಳದೂ ಎರಡೂ ಬಾನುಲಿ ಪ್ರಸಾರಗಳೇ. ಒಂದು ರಾತ್ರಿ ಗಾಳಿಯಲ್ಲಿ ಬಂದು ಹೋದವು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಬಾನುಲಿ ಕೇಂದ್ರಗಳೂ ಒಂದೇ ಸ್ಪೂಲಿನ ಮೇಲೆ ಮತ್ತೆ ಮತ್ತೆ ತುಂಬುತ್ತಿದ್ದವು. ಹಾಗಾಗಿ ನಿಮ್ಮ ಟ್ರಂಕಿನಲ್ಲಿರುವ ಪ್ರತಿಯೇ ಉಳಿದಿರುವ ಒಂದೇ ಪ್ರತಿ ಇದ್ದೀತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೊ ಕಟ್ಟಿಕೊಟ್ಟರು. ಅಲ್ಲಿ ನಮ್ಮವರೇ ಮಾಡಿದ ಸಂಗೀತದ ಟೇಪುಗಳು ಸುಮಾರು ಐದು ದಶಕ ಕಪಾಟಿನಲ್ಲೇ ಇದ್ದವು. ಯಾರೂ ಅವನ್ನು ಕಸಕ್ಕೆ ಹಾಕದೆ ಇಟ್ಟಿದ್ದರಿಂದಲೇ ಇವತ್ತು ಅವು ಕೇಳಸಿಗುತ್ತಿವೆ.

ಮೊದಲು ಒಂದು ಮಾತು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವಾಗ ಮಶೀನಿನ ಹಂತದಲ್ಲಿ ತಪ್ಪಿದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಟೇಪಿನ ಮೇಲಿನ ಧ್ವನಿ ಓದುವ ಪ್ಲೇಯರಿನ ಹೆಡ್ಡು ಎತ್ತಿಕೊಳ್ಳದೆ ಬಿಟ್ಟ ಸ್ವರ ಫೈಲಿನಲ್ಲಿ ಇರುವುದೇ ಇಲ್ಲ. ಆದ್ದರಿಂದ ನಿಮ್ಮ ಹೊತ್ತಿನ ಮುಕ್ಕಾಲು ಪಾಲು ಕ್ಯಾಸೆಟ್ಟಿನ ಮೇಲೂ ಪ್ಲೇಯರಿನ ಮೇಲೂ ಹೋಗಲಿ, ಕಂಪ್ಯೂಟರಿಗೆ ಕಾಲು ಪಾಲು ಸಾಕು.

ಕ್ಯಾಸೆಟ್ಟು ಕೈಗೆ ಬಂದ ಕೂಡಲೇ ಬೆನ್ನಿನ ಮೇಲಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಆಮೇಲೆ ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಸಿಹೋಗುವುದಿಲ್ಲ. ನಂತರ ಕಿಟಕಿಯ ಬೆಳಕಿಗೆ ಹಿಡಿದು ಗಾಜಿನೊಳಗೆ ನೋಡಿ. ಸುರುಳಿಯ ಅಂಚಿನ ಮೇಲೆ ಬೂದಿ ಚೆಲ್ಲಿದಂತೆ ಬಿಳಿಪುಡಿ ಕಂಡರೆ ಅದು ಬೂಸ್ಟು. ಅಂಥದ್ದನ್ನು ಒಳ್ಳೆಯ ಪ್ಲೇಯರಿಗೆ ಹಾಕಲೇಬೇಡಿ. ಮಶೀನಿಗೆ ಹತ್ತಿದ ಬೂಸ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ನಾಲ್ಕಾರು ದಿನ ಮುಚ್ಚಿಟ್ಟು ಒಣಗಿಸಿ. ಬಳಿಕ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ನೂಲು ಬಿಡದ ಒಣ ಬಟ್ಟೆಯ ನಡುವೆ ಟೇಪನ್ನು ಮೆಲ್ಲಗೆ ಹಾಯಿಸುತ್ತ ಕೈಯಿಂದ ಸುತ್ತಿ.

ನಮ್ಮ ಭಾಗದಲ್ಲಿ ಬೂಸ್ಟಿಗಿಂತ ಹೆಚ್ಚು ಹಾಳು ಮಾಡುವುದು ಬಿಸಿಲು. ಮೇ ತಿಂಗಳ ಜಳಕ್ಕೆ ತಗಡಿನ ಕೆಳಗಿನ ಅಟ್ಟ ಒಲೆಯಂತಾಗುತ್ತದೆ. ಪ್ಲಾಸ್ಟಿಕ್ ಕವಚ ಸೊಟ್ಟಗಾಗಿ ಸುರುಳಿ ಒಳಗೆ ಉಜ್ಜುತ್ತದೆ. ಒತ್ತುಪ್ಯಾಡಿನ ಅಂಟೂ ಒಣಗಿ ಬಿಡುತ್ತದೆ. ಕ್ಯಾಸೆಟ್ಟಿನ ಬಾಯಿಯ ನಡುವೆ ನೋಡಿ: ತಾಮ್ರಬಣ್ಣದ ತೆಳು ಪಟ್ಟಿ, ಅದರ ಮೇಲೆ ತೊಗರಿಕಾಳಿನಷ್ಟು ಉಣ್ಣೆಯ ತುಂಡು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಇದೇ. ಇದು ಬಿದ್ದುಹೋಗಿದ್ದರೆ ಧ್ವನಿ ಗೋಡೆಯಾಚೆಯಿಂದ ಬಂದಂತೆ ಮಂಕಾಗಿ, ಏರಿಳಿಯುತ್ತ ಕೇಳುತ್ತದೆ. ಎಷ್ಟೋ ಜನ ಇದನ್ನು ಕೇಳಿ "ಟೇಪೇ ಹೋಯಿತು" ಎಂದು ಬಿಸಾಕುತ್ತಾರೆ. ಟೇಪು ಚೆನ್ನಾಗಿಯೇ ಇರುತ್ತದೆ!

ಮದ್ದು ಸುಲಭ. ಯಾವುದಾದರೂ ಬೇಡದ ಕ್ಯಾಸೆಟ್ಟು ತನ್ನಿ, ಐದು ಸ್ಕ್ರೂ ಇರುವಂಥದ್ದು. ಅದನ್ನು ಬಿಚ್ಚಿ ಒಳಗಿನ ಸುರುಳಿ ತೆಗೆದಿಡಿ. ನಿಮ್ಮ ಕ್ಯಾಸೆಟ್ಟನ್ನೂ ಮೇಜಿನ ಮೇಲೆ ಮಲಗಿಸಿ ಬಿಚ್ಚಿ. ಸ್ಕ್ರೂ ಇಲ್ಲದೆ ಬೆಸೆದ ಕವಚವಾದರೆ ಅಂಚಿನ ಸೀಳಿನಲ್ಲಿ ಬ್ಲೇಡನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತ ಸುತ್ತಲೂ ಬನ್ನಿ, ಒಂದೇ ಕಡೆ ಮೀಟಬೇಡಿ. ತೆರೆದ ಮೇಲೆ ಮೊದಲು ಫೋಟೊ ತೆಗೆಯಿರಿ. ಎರಡು ಮೂಲೆಯ ಪುಟ್ಟ ಗಾಲಿ, ಅವುಗಳ ಕಡ್ಡಿ, ಸುರುಳಿಯ ಮೇಲೆ ಕೆಳಗೆ ಇರುವ ಜಾರುವ ಹಾಳೆ, ಪ್ಯಾಡಿನ ಹಿಂದಿನ ಲೋಹದ ತಗಡು, ಎಲ್ಲ ಎಲ್ಲಿದ್ದವು ಎಂಬುದು ಆಮೇಲೆ ನೆನಪಿರುವುದಿಲ್ಲ. ಎರಡೂ ಸುರುಳಿಗಳನ್ನು ಒಟ್ಟಿಗೇ ಎತ್ತಿ ಹೊಸ ಕವಚಕ್ಕೆ ಇಳಿಸಿ. ಸ್ಕ್ರೂಗಳನ್ನು ಗಟ್ಟಿಯಾಗಿ ಬಿಗಿಯಬಾರದು, ಬಿಗಿದರೆ ಕವಚ ಸುರುಳಿಯನ್ನು ಹಿಡಿದುಕೊಳ್ಳುತ್ತದೆ.

ಟೇಪು ಹರಿದಿದ್ದರೆ ಸೆಲ್ಲೊಟೇಪ್ ಹಚ್ಚಬೇಡಿ. ಅದರ ಗೋಂದು ಬಿಸಿಲಿಗೆ ಹರಿದು ಪಕ್ಕದ ಸುತ್ತುಗಳನ್ನೂ ಅಂಟಿಸುತ್ತದೆ, ಹೆಡ್ಡಿಗೂ ಮೆತ್ತುತ್ತದೆ. ಜೋಡಿಸಲೆಂದೇ ಮಾಡಿದ ಪಟ್ಟಿ ಸಿಗುತ್ತದೆ, ಕ್ಯಾಸೆಟ್ ಟೇಪಿನಷ್ಟೇ ಅಗಲ, 3.81 ಮಿಲಿಮೀಟರ್. ಹರಿದ ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಓರೆಯಾಗಿ ಕತ್ತರಿಸಿ, ತುದಿಗೆ ತುದಿ ತಾಗಿಸಿ, ಹೆಡ್ಡಿಗೆ ತಾಗದ ಒಳಬದಿಗೆ ಪಟ್ಟಿ ಅಂಟಿಸಿ. ಕತ್ತರಿ ಉಕ್ಕಿನದಾದರೆ ಅದು ಅಯಸ್ಕಾಂತವಾಗಿರಬಾರದು. ಗುಂಡುಸೂಜಿ ಅದಕ್ಕೆ ಅಂಟಿಕೊಳ್ಳುತ್ತದೆಯೇ ನೋಡಿ, ಅಂಟಿದರೆ ಬೇರೆ ಕತ್ತರಿ ತನ್ನಿ.

ಇನ್ನು ಪ್ಲೇಯರು. ರೇಡಿಯೊ, ಟೇಪು ಎರಡೂ ಒಂದರಲ್ಲೇ ಇರುವ ಟೂ-ಇನ್-ವನ್‌ಗಿಂತ ಕ್ಯಾಸೆಟ್ಟಿಗೆಂದೇ ಮಾಡಿದ ದೊಡ್ಡ ಡೆಕ್ಕು ಮೇಲು. ಹಳೆ ಮಶೀನು ಓಡದಿದ್ದರೆ ಹೆಚ್ಚಿನ ಸಲ ರಬ್ಬರ್ ಬೆಲ್ಟಿನದೇ ದೋಷ. ಅದು ಕರಗಿ ಡಾಂಬರಿನಂತೆ ತಾನು ಓಡುವ ಗಾಲಿಗೆ ಮೆತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಪೂರ್ತಿ ಒರೆಸಿ. ಬೆಲ್ಟು ಓಡುವ ದಾರಿಗೆ ನೂಲು ಸುತ್ತಿ ಉದ್ದ ಅಳೆಯಿರಿ. ಹೊಸ ಬೆಲ್ಟಿನ ಸುತ್ತಳತೆ ಅದಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ ಇರಲಿ. ಹೆಚ್ಚು ಬಿಗಿಯಾದರೆ ಮೋಟರಿನ ಮೇಲೆ ಭಾರ ಬಿದ್ದು ವೇಗ ನಡುಗುತ್ತದೆ, ಸಡಿಲವಾದರೆ ಜಾರುತ್ತದೆ. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿ ಇದೆ. ಹಳೆ ಬೆಲ್ಟಿನ ತುಂಡನ್ನೂ ನೂಲಿನ ಅಳತೆಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ, ಬಾಯಿಮಾತಿನಲ್ಲಿ ಅಳತೆ ಹೇಳಿದರೆ ಕೆಲಸವಾಗದು.

ಹೆಡ್ಡು ಮತ್ತು ಟೇಪನ್ನು ಎಳೆಯುವ ಉಕ್ಕಿನ ಕಡ್ಡಿಯನ್ನು ಪ್ರತಿ ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ 99 ಪ್ರತಿಶತದ ಐಸೊಪ್ರೊಪೈಲ್‌ನಿಂದ ಒರೆಸಿ. ಔಷಧಿ ಅಂಗಡಿಯ 70 ಪ್ರತಿಶತದ್ದರಲ್ಲಿ ನೀರು ಬಹಳ. ಹತ್ತಿಕಡ್ಡಿಗೆ ಕಂದುಬಣ್ಣ ಬರುವುದು ನಿಲ್ಲುವವರೆಗೂ ಒರೆಸಬೇಕು. ಟೇಪನ್ನು ಆ ಕಡ್ಡಿಗೆ ಒತ್ತುವ ರಬ್ಬರ್ ಗಾಲಿಗೆ ಮಾತ್ರ ಆಲ್ಕೊಹಾಲ್ ಬೇಡ, ಅದು ಬಿರಿಯುತ್ತದೆ. ಸಾಬೂನಿನ ನೀರಿನ ಹಸಿ ಬಟ್ಟೆ ಸಾಕು, ಪೂರ್ತಿ ಆರಿದ ಮೇಲೆ ಓಡಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಹೆಚ್ಚಿನವರು ಬಿಟ್ಟುಬಿಡುವ ಕೆಲಸ: ಹೆಡ್ಡಿನ ಓರೆ ಸರಿಪಡಿಸುವುದು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. 10 ಸಾವಿರ ಹರ್ಟ್ಜ್‌ನ ಸ್ವರದ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಮಿಲಿಮೀಟರಿನ 200ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತುಂಬಿಕೊಂಡ ಮಶೀನಿನ ಹೆಡ್ಡು ಒಂದು ಕೋನದಲ್ಲಿ, ಈಗ ಓದುವ ಹೆಡ್ಡು ಕೂದಲೆಳೆಯಷ್ಟು ಬೇರೆ ಕೋನದಲ್ಲಿ ಇದ್ದರೂ ಆ ಸಣ್ಣ ಅಲೆಗಳೆಲ್ಲ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಹೆಡ್ಡಿನ ಎರಡು ಪಕ್ಕದಲ್ಲಿ ಎರಡು ಸ್ಕ್ರೂ ಇರುತ್ತವೆ. ಕೆಳಗೆ ಸ್ಪ್ರಿಂಗ್ ಇರುವುದೇ ನಿಮಗೆ ಬೇಕಾದದ್ದು. ಅದರ ತಲೆಯ ಮೇಲೆ ಬಣ್ಣದ ಅರಗು ಹಚ್ಚಿರುವುದೂ ಉಂಟು. ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಎಡಬಲ ಎರಡೂ ಚಾನೆಲ್ ಸೇರಿಸಿ ಮೊನೊ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಆ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟೇ ಅತ್ತ ಇತ್ತ ತಿರುಗಿಸಿ. ಉದ್ಘೋಷಕರ ಮಾತು ಬಂದಾಗ "ಆಕಾಶವಾಣಿ" ಎಂಬಲ್ಲಿಯ ಶಕಾರಕ್ಕೆ ಕಿವಿಗೊಡಿ. ಅದು ಹಕಾರದಂತೆ ಮೆತ್ತಗಿದ್ದರೆ ಇನ್ನೂ ತಿರುಗಿಸಬೇಕು. ಒಂದು ಜಾಗದಲ್ಲಿ ಶಕಾರ ಥಟ್ಟನೆ ಗರಿಗೆದರಿ ನಿಲ್ಲುತ್ತದೆ, ಅದನ್ನು ದಾಟಿದರೆ ಮತ್ತೆ ಮಂಕು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಡ್ರಮ್ ಮಶೀನಿನ ತಾಳದ ತಟ್ಟೆಯ "ಟ್ಸ್ ಟ್ಸ್" ಇದೇ ಕೆಲಸಕ್ಕೆ ಬರುತ್ತದೆ. ಎ ಬದಿಗೆ ಒಮ್ಮೆ, ಬಿ ಬದಿಗೆ ಇನ್ನೊಮ್ಮೆ, ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು. ಬೇಸರದ ಕೆಲಸವೇ. ಆದರೆ ಹಳೆಯ ಗಾಯಕನ ಉಸಿರು, ತಂಬೂರಿಯ ತಂತಿಯ ಜೀರು ಮತ್ತೆ ಕೇಳಿಸುವುದು ಇಲ್ಲಿಯೇ.

ಟೇಪಿನ ಸುಯ್ಯೆನ್ನುವ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯ ಬಗ್ಗೆ ಎರಡು ಮಾತು. ಟೂ-ಇನ್-ವನ್‌ನಲ್ಲಿ ತುಂಬಿದ್ದಕ್ಕೆ ಡಾಲ್ಬಿ ಬೇಡ. ಲೇಬಲ್ಲಿನ ಮೇಲೆ ಡಾಲ್ಬಿ ಬಿ ಎಂದು ಗುರುತಿದ್ದರೆ ಮಾತ್ರ ಹಚ್ಚಿ, ಅದೂ ಓರೆ ಸರಿಯಾದ ಮೇಲೆ.

ಡೆಕ್ಕಿನ ಲೈನ್-ಔಟ್ ತೂತಿನಿಂದ ಧ್ವನಿಯನ್ನು ಕಂಪ್ಯೂಟರಿಗೆ ಒಗ್ಗಿಸುವ ಪುಟ್ಟ ಪೆಟ್ಟಿಗೆಯಾದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ತಂತಿ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಡಬೇಡಿ, ಧ್ವನಿ ಒಡೆಯುತ್ತದೆ. ಧ್ವನಿ ತುಂಬಿಕೊಳ್ಳಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು, ಅದಕ್ಕೆ ದುಡ್ಡೂ ಕೊಡಬೇಕಿಲ್ಲ. 24 ಬಿಟ್, 48 ಸಾವಿರ ಹರ್ಟ್ಜ್ ಕನಿಷ್ಠ, ಸಾಧ್ಯವಾದರೆ 96 ಸಾವಿರ. 90 ನಿಮಿಷದ ಕ್ಯಾಸೆಟ್ಟಿಗೆ ಮೊದಲನೆಯದರಲ್ಲಿ ಸುಮಾರು ಒಂದೂವರೆ ಜಿಬಿ, ಎರಡನೆಯದರಲ್ಲಿ ಮೂರು ಜಿಬಿ ಜಾಗ ಬೇಕು. ಅತಿ ಜೋರಾದ ಕಡೆಯೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿದರೆ ಗುಂಯ್ ಎನ್ನುವ ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಕರೆಂಟು ಹೋದಾಗ ಡೆಕ್ಕಿನ ಗುಂಡಿ ಒತ್ತಿಕೊಂಡೇ ಉಳಿದರೆ ರಬ್ಬರ್ ಗಾಲಿ ಉಕ್ಕಿನ ಕಡ್ಡಿಗೆ ಒತ್ತಿ ತಗ್ಗು ಬೀಳುತ್ತದೆ, ಕೂಡಲೇ ಸ್ಟಾಪ್ ಒತ್ತಿ. ಮನೆಯ ಅಗ್ಗದ ಇನ್ವರ್ಟರ್ ಮೇಲೆ ಓಡಿಸಿದರೆ ಅದರ ಜೇನುಹುಳದಂಥ ಸದ್ದೂ ಫೈಲಿಗೆ ಸೇರುತ್ತದೆ. ಬೆಳಗಿನ ತಂಪಿನಲ್ಲಿ, ಕರೆಂಟು ಗಟ್ಟಿಯಾಗಿರುವ ಹೊತ್ತಿನಲ್ಲಿ ಕೂರುವುದು ಮೇಲು.

ವೇಗದ ವಿಷಯದಲ್ಲಿ ನಮ್ಮ ನಾಡಿನದೇ ಒಂದು ತೊಡಕಿದೆ. ಟೇಪಿನಲ್ಲಿ ಸೇರಿಹೋದ ಕರೆಂಟಿನ 50 ಹರ್ಟ್ಜ್ ಗುಂಯ್‌ಕಾರವನ್ನೇ ಅಳತೆಗೋಲು ಮಾಡಿಕೊಂಡು ವೇಗ ಸರಿಪಡಿಸುವ ಉಪಾಯ ಬೇರೆ ದೇಶಗಳಲ್ಲಿ ನಡೆಯುತ್ತದೆ. ನಮ್ಮಲ್ಲಿ 1990ರ ದಶಕದಲ್ಲಿ ಆ 50 ಎಂಬುದು 48ಕ್ಕೂ ಇಳಿಯುತ್ತಿತ್ತು, 51ಕ್ಕೂ ಏರುತ್ತಿತ್ತು. ದಕ್ಷಿಣದ ವಿದ್ಯುತ್ ಜಾಲ ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದೇಶದ ಉಳಿದ ಜಾಲದೊಂದಿಗೆ ಒಂದೇ ಹರ್ಟ್ಜ್‌ನಲ್ಲಿ ಓಡತೊಡಗಿದ್ದೇ 2013ರ ಡಿಸೆಂಬರ್ 31ರಂದು. 48ನ್ನು 50 ಎಂದು ತಿಳಿದು ತಿದ್ದಿದರೆ ಗಾಯಕನ ಶ್ರುತಿ ಅರ್ಧಸ್ವರದ ಹತ್ತರಲ್ಲಿ ಏಳು ಪಾಲು ಏರಿಬಿಡುತ್ತದೆ. ಅದಕ್ಕಿಂತ 3150 ಹರ್ಟ್ಜ್‌ನ ಪರೀಕ್ಷಾ ಟೇಪಿನಿಂದ ನಿಮ್ಮ ಡೆಕ್ಕಿನ ವೇಗ ಹೊಂದಿಸಿಕೊಂಡು, ಆ ಕ್ಯಾಸೆಟ್ಟಿನಲ್ಲೇ ಆಕಾಶವಾಣಿಯ ಆರಂಭದ ರಾಗವಿದ್ದರೆ ಒಳ್ಳೆಯ ಪ್ರತಿಯೊಂದಿಗೆ ಹೋಲಿಸಿ ನೋಡುವುದು ಸುರಕ್ಷಿತ.

ಇಳಿಸಿದ ಫೈಲನ್ನು ಹಾಗೆಯೇ ಬೀಗ ಹಾಕಿದಂತೆ ಇಟ್ಟುಬಿಡಿ. ತಿದ್ದುವುದೆಲ್ಲ ನಕಲಿನ ಮೇಲೆ. ಮಧ್ಯಮ ತರಂಗದಿಂದ ತುಂಬಿದ ಕ್ಯಾಸೆಟ್ಟಾದರೆ 5 ಸಾವಿರ ಹರ್ಟ್ಜ್‌ನ ಮೇಲೆ ಸಂಗೀತವೇ ಇರುವುದಿಲ್ಲ, ಇರುವುದು ಬರೀ ಸುಯ್ಯೆನ್ನುವ ಸದ್ದು. ಪಕ್ಕದ ಕೇಂದ್ರದಿಂದಾದ 9 ಸಾವಿರ ಹರ್ಟ್ಜ್‌ನ ಸೀಟಿಯೂ ಇರಬಹುದು. ನಕಲಿನಲ್ಲಿ ಅವನ್ನು ಕತ್ತರಿಸಿದರೆ ನಷ್ಟವಿಲ್ಲ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಹಾಗೆ ಮಾಡಬೇಡಿ. ಅಲ್ಲಿ ಸುಯ್ಯೆನ್ನುವ ಅಲೆ, ಗ್ರಾಮಫೋನ್ ರೆಕಾರ್ಡಿನ ಚಟಪಟ ಸದ್ದು ಕಲಾವಿದ ಬೇಕೆಂದೇ ತಂದದ್ದು. ಸದ್ದು ತೆಗೆಯುವ ಫಿಲ್ಟರು ಹಾಕಿದರೆ ಅದು ಪ್ರತಿಧ್ವನಿಯ ಬಾಲವನ್ನೂ ಕತ್ತರಿಸಿ, ನೀರಿನೊಳಗಿಂದ ಕೇಳಿದಂತೆ ಮಾಡುತ್ತದೆ.

ಎರಡು ತಾಸಿನ ಎಡೆಬಿಡದ ಪ್ರಸಾರ 90 ನಿಮಿಷದ ಕ್ಯಾಸೆಟ್ಟಿನಲ್ಲಿ 45 ನಿಮಿಷಕ್ಕೊಮ್ಮೆ ತುಂಡಾಗಿರುತ್ತದೆ, ಬದಿ ತಿರುಗಿಸಿದ ಐದಾರು ಸೆಕೆಂಡು ಅಲ್ಲಿ ಇರುವುದಿಲ್ಲ. ಅದೇ ರಾತ್ರಿ ಇನ್ನೊಬ್ಬರು ತುಂಬಿದ ಕ್ಯಾಸೆಟ್ಟು ಸಿಕ್ಕರೆ ಆ ತುಂಡು ಕೂಡಿಸಬಹುದು, ಆದರೆ ಮೊದಲು ಎರಡರ ವೇಗ ಒಂದು ಮಾಡಬೇಕು. ನೂರಕ್ಕೆ ಒಂದು ವ್ಯತ್ಯಾಸವಿದ್ದರೂ ಹತ್ತು ಸೆಕೆಂಡಿನಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಜಾರಿ, ಡ್ರಮ್ಮಿನ ಒಂದು ಪೆಟ್ಟು ಎರಡಾಗಿ ಕೇಳುತ್ತದೆ.

ಹಾಡಿನ ನಡುವಿನ ಮಾತನ್ನು ಕತ್ತರಿಸಬೇಡಿ. ಉದ್ಘೋಷಕರ ಧ್ವನಿ, ತೊಗರಿಯ ಧಾರಣೆ, ಹವಾಮಾನ, ಸುದ್ದಿಯ ಒಂದು ತುಣುಕು, ಇವೇ ಆ ಕ್ಯಾಸೆಟ್ಟಿನ ತಾರೀಖು ಹೇಳುವ ಸಾಕ್ಷಿ. ಲೇಬಲ್ಲಿನ ಎರಡೂ ಮುಖದ ಫೋಟೊ ತೆಗೆದು ಫೈಲಿನ ಜೊತೆಗೇ ಇಡಿ. ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ, ಮೂರನೆಯದು ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ. ಕೇಳಲು ಎಂಪಿ3 ಮಾಡಿಕೊಳ್ಳಿ, ಉಳಿಸಲು ಧ್ವನಿ ಕಳೆಯದ ವೇವ್ ಅಥವಾ ಫ್ಲ್ಯಾಕ್ ಫೈಲು. ಅಂತರ್ಜಾಲಕ್ಕೆ ಏರಿಸುವ ಮುಂಚೆ ಮಾತ್ರ ತಡೆಯಿರಿ: ನಮ್ಮ ಕಾನೂನಿನಲ್ಲಿ ಪ್ರಸಾರದ ಮೇಲಿನ ಹಕ್ಕು 25 ವರ್ಷ, ಧ್ವನಿಮುದ್ರಣದ ಹಕ್ಕು 60 ವರ್ಷ. ಹಾಡಿದವರನ್ನೋ ಅವರ ಮನೆಯವರನ್ನೋ ಕೇಳಿಕೊಂಡು ಮುಂದುವರಿಯಿರಿ.

ಇಳಿಸಿ ಮುಗಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ. ನಾಳೆ ನಿಮಗಿಂತ ಒಳ್ಳೆಯ ಡೆಕ್ಕು ಇರುವವರು ಅದೇ ಟೇಪಿನಿಂದ ಇನ್ನಷ್ಟು ತೆಗೆದಾರು. ಒಂದು ಬದಿ ಪೂರ್ತಿ ಓಡಿಸಿ, ಸುರುಳಿ ಸಮನಾಗಿ ಕೂತ ಹಾಗೆಯೇ ಡಬ್ಬಿಗೆ ಹಾಕಿ, ಪುಸ್ತಕದಂತೆ ನಿಲ್ಲಿಸಿಡಿ. ಅಟ್ಟದಿಂದ ಇಳಿಸಿ ನಡುಮನೆಯ ಗೋಡೆಕಪಾಟಿನಲ್ಲಿ, ಸ್ಪೀಕರಿನಿಂದ ದೂರ, ನೆಲದಿಂದ ಒಂದು ಮೊಳ ಎತ್ತರಕ್ಕೆ.

ನಮಸ್ಕಾರ.